ಎಡಗೈ

ಸೊಹಾರ್ ಬಂದರಿನ ಗೇಟಿನಲ್ಲಿ ಕ್ಲಚ್ ಒತ್ತಿದೆ.
ಎಡಗೈ ತಾನಾಗಿ ಗೇರಿಗೆ ಹೋಯಿತು,
ಬಾಗಿಲಿಗೆ ಬಡಿದು ಮಣಿಕಟ್ಟು ನೊಂದಿತು.
ಇಲ್ಲಿ ಗೇರು ಬಲಕ್ಕೆ, ಸ್ಟಿಯರಿಂಗ್ ಎಡಕ್ಕೆ.
ಹನ್ನೊಂದು ವರ್ಷ ಇಂಥದೇ ಸೀಟಿನಲ್ಲಿ ಬೆನ್ನು ಸವೆಸಿದ್ದೆ,
ಊರಲ್ಲಿದ್ದದ್ದು ಮೂರೇ ವರ್ಷ.
ಅಷ್ಟರಲ್ಲೇ ಕೈ ಮನೆ ಬದಲಿಸಿಬಿಟ್ಟಿತ್ತು.

ಪಕ್ಕದಲ್ಲಿ ಖಲ್ಫಾನ್, ಕಂಪನಿಯ ಪರೀಕ್ಷಕ,
ನಾನು ಮೊದಲ ಸಲ ಇಲ್ಲಿಗೆ ಬಂದಾಗ ಶಾಲೆಯಲ್ಲಿದ್ದವನು.
ಕಾಗದದಿಂದ ತಲೆ ಎತ್ತದೆ ಕೇಳಿದ:
ಇದಿನಬ್ಬ, ಮೂರು ವರ್ಷ ಏನು ಲೋಡು?
ಮಕ್ಕಳು, ಅಂದೆ. ಶಾಲೆಯ ವ್ಯಾನು.
ಬೆಲ್ಟ್ ಬಿಗಿದು ಟಾರ್ಪಾಲು ಹಾಕುತ್ತಿದ್ದೆಯಾ?
ಎರಡನೇ ಕ್ಲಾಸಿನ ಜೋಯ್ಲಿನ್‌ಗೆ ಹಾಕಬೇಕಿತ್ತು, ಅಂದೆ.
ನಕ್ಕು ಪಾಸು ಮಾಡಿದ.

ಇಪ್ಪತ್ತೆರಡು ಚಕ್ರ, ನಲವತ್ತಡಿಯ ಡಬ್ಬ.
ಒಳಗೆ ಟೈಲ್ಸ್ ಎಂದು ಕಾಗದ ಹೇಳುತ್ತದೆ,
ಸೀಲು ಒಡೆಯುವ ಹಕ್ಕಿಲ್ಲ, ಕಾಗದವನ್ನೇ ನಂಬಬೇಕು.
ಆದಂ ದಾಟಿದ ಮೇಲೆ ಗುಡ್ಡ ಮುಗಿಯಿತು.
ಆಮೇಲೆ ಬರೀ ರಸ್ತೆ,
ಮೇಸ್ತ್ರಿ ದಾರ ಹಿಡಿದು ಗೆರೆ ಹೊಡೆದು
ಊಟಕ್ಕೆ ಹೋದವ ಮರಳಿ ಬಾರದ ಹಾಗೆ.

ಊರಲ್ಲಿ ಹದಿನಾಲ್ಕು ಕಿಲೋಮೀಟರಿಗೆ ಇಪ್ಪತ್ತಮೂರು ನಿಲುಗಡೆ.
ಕೈಗಡಿಯಾರ ಇನ್ನೂ ಅಲ್ಲಿಯದೇ ಹೊತ್ತು ತೋರಿಸುತ್ತದೆ.
ಅದರಲ್ಲಿ ಏಳು ನಲವತ್ತು ಆದದ್ದೇ
ಬಲಗಾಲು ಆಕ್ಸಿಲರೇಟರಿನಿಂದ ಮೇಲೆದ್ದಿತು.
ಎಡಪದವಿನ ತಿರುವಿನಲ್ಲಿ ಅನ್ಶಿಫ್
ಒಂದು ಶೂ ಕಾಲಿಗೆ, ಒಂದು ಶೂ ಕೈಯಲ್ಲಿ
ಹಿಡಿದು ನಿಂತಿರುವ ಹೊತ್ತು.
ಹಿಂದಿನ ಲಾರಿ ಲೈಟು ಮಿಣುಕಿಸಿ ಬೈಯಿತು.

ವ್ಯಾನಿಗೆ ಹದಿನೈದು ತುಂಬಿತ್ತು, ಎಫ್‌ಸಿ ಕೊಡಲಿಲ್ಲ.
ಶಾಲೆಯವರು ಹಳದಿ ಬಸ್ಸು ತಂದರು, ಏಸಿ ಇದೆಯಂತೆ.
ಗುಜರಿಯವನಿಗೆ ಕೊಡುವ ಮುಂಚೆ ಸೀಟು ಕಿತ್ತಾಗ
ಹದಿಮೂರು ಪೆನ್ಸಿಲ್, ಒಂದು ಹಾಲುಹಲ್ಲು.
ಯಾರದೆಂದು ನಾಲ್ಕು ಮನೆಗೆ ಫೋನು ಮಾಡಿದೆ.
ಮಾಡಿನ ಮೇಲೆ ಎಸೆಯಿರಿ, ಅಂದಳು ಮೈಮೂನಾ.
ಹೇಗೆ ಎಸೆಯಲಿ? ಅದು ನಮ್ಮ ಮನೆಯ ಹಲ್ಲಲ್ಲ.
ಈಗ ಪರ್ಸಿನಲ್ಲಿದೆ, ರೆಸಿಡೆಂಟ್ ಕಾರ್ಡಿನ ಹಿಂದೆ.

ಘಾಬಾದಲ್ಲಿ ಒಂದು ಟೈರು ಅರ್ಧ ದಿನ ತಿಂದಿತು.
ಹೈಮಾ ಮುಟ್ಟುವಾಗ ರಾತ್ರಿ.
ಪಂಪಿನ ಪಕ್ಕದ ಚಾದಂಗಡಿ ಅದೇ, ಬೆಂಚು ಬೇರೆ.
ಇಲ್ಲಿ ಕೂರುತ್ತಿದ್ದ ಗುಲ್‌ಜರೀನ್, ಬನ್ನುವಿನ ಪಠಾಣ,
ಸಕ್ಕರೆಯಲ್ಲಿ ಚಾ ಕಲಸುವವನು.
ನನ್ನ ಲಾರಿ ನಿಲ್ಲುವ ಮೊದಲೇ ಕೂಗುತ್ತಿದ್ದ: ಸ್ತಡೇ ಮಶೇ!
ದಣಿಯದಿರು ಎಂದರ್ಥ. ಅವರಲ್ಲಿ ಅದೇ ನಮಸ್ಕಾರ.
ದುಕ್ಮ್ ಲೈನಿಗೆ ಹೋದ ಅಂದ ಒಬ್ಬ,
ಊರಿಗೆ ಹೋದ ಅಂದ ಇನ್ನೊಬ್ಬ,
ಚಾ ಕೊಡುವ ಹುಡುಗನಿಗೆ ಹೆಸರೇ ಗೊತ್ತಿಲ್ಲ.
ಲಾರಿಯವರ ಸುದ್ದಿ ಲೋಡಿನ ಲಾರಿಗಿಂತ ನಿಧಾನ.
ಎರಡು ಚಾ ಹೇಳಿಬಿಟ್ಟಿದ್ದೆ. ಎರಡನ್ನೂ ಕುಡಿದೆ.

ಇಂಜಿನು ಆರಿಸಿ ಇನ್ನೇನು ಮಲಗಬೇಕು,
ಕಾಲು ಹಿಂದಕ್ಕೆ ಹೊರಟಿತು, ಕೈಯಲ್ಲಿ ಟಾರ್ಚು.
ಕೊನೆಯ ಸೀಟು ನೋಡದೆ ಬೀಗ ಹಾಕಿದವನಲ್ಲ ನಾನು,
ಒಮ್ಮೆಯನ್ನು ಬಿಟ್ಟರೆ.
ಆ ದಿನ ಜೋಯ್ಲಿನ್ ಅಲ್ಲೇ ನಿದ್ದೆಹೋಗಿದ್ದಳು,
ನಾನು ಮನೆಗೆ ಬಂದು ಗಂಜಿಗೆ ಕೂತಿದ್ದೆ.
ಅವಳ ಅಮ್ಮನ ಫೋನು ಬರುವವರೆಗಿನ ಆ ಹತ್ತು ನಿಮಿಷ
ಇನ್ನೂ ನನ್ನ ಹತ್ತಿರವೇ ಇದೆ, ಯಾರಿಗೂ ತಲುಪಿಸಿಲ್ಲ.

ಚಕ್ರ ಎಣಿಸುತ್ತಾ ಹೋದೆ. ಇಪ್ಪತ್ತೆರಡು.
ಸೀಲು ಸರಿಯಿತ್ತು, ನಂಬರು ಎರಡು ಸಲ ಓದಿದೆ.
ಆದರೂ ತಗಡಿಗೆ ಕಿವಿ ಇಟ್ಟೆ.
ಹಗಲಿನ ಬಿಸಿ ಇಳಿಯುತ್ತಿತ್ತು,
ಒಳಗಿನಿಂದ ಟಕ್, ಟಕ್.
ಟೈಲ್ಸೇ ಇರಬೇಕು.

ಬೆಳಗ್ಗೆ ಫಲಕದಲ್ಲಿ ತುಮ್ರೈತ್ ನಾನೂರರ ಹತ್ತಿರ.
ನಡುವೆ ಒಂದು ತಿರುವೂ ಇಲ್ಲ ಎನ್ನಬಹುದು.
ಟಾಪ್ ಗೇರಿಗೆ ಬಿದ್ದ ಮೇಲೆ ಬಲಗೈ ಸ್ಟಿಯರಿಂಗ್ ಹಿಡಿಯಿತು,
ಎಡಗೈ ತೊಡೆಯ ಮೇಲೆ,
ಕ್ಲಾಸಿನಿಂದ ಹೊರಗೆ ಹಾಕಿದ ಹುಡುಗನಂತೆ
ಸುಮ್ಮನೆ ಕೂತು
ಆಗಾಗ ಬೆರಳು ಮಡಚುತ್ತಿತ್ತು,
ಯಾರನ್ನೋ ಎಣಿಸುವ ಹಾಗೆ.